ಜಿಪ್ ಕಡತ

ಜಿಪ್ ಕಡತ: ಹಲವು ಕಡತಗಳನ್ನು ಒಂದೇ ಕಟ್ಟಾಗಿಸಿ, ಒಂದಕ್ಷರವೂ ಕಳೆಯದಂತೆ ಗಾತ್ರ ಇಳಿಸಿಡುವ ಗಣಕ ಕಡತ ವಿನ್ಯಾಸ. ಅಮೆರಿಕದ ಫಿಲ್ ಕಾಟ್ಜ್ 1989ರಲ್ಲಿ ಪಿಕೆಜಿಪ್ ತಂತ್ರಾಂಶದೊಂದಿಗೆ ಇದನ್ನು ಹೊರತಂದು, ವಿವರಣೆಯನ್ನು ಎಲ್ಲರಿಗೂ ಮುಕ್ತಗೊಳಿಸಿದರು. ಯುನಿಕ್ಸ್‌ನ ಟಾರ್ (1979) ಕಡತಗಳನ್ನು ಕಟ್ಟುತ್ತಿತ್ತೇ ಹೊರತು ಕುಗ್ಗಿಸುತ್ತಿರಲಿಲ್ಲ. ಆರ್ಕ್ (1985) ಎರಡನ್ನೂ ಮಾಡಿತು. ರಾರ್ ಬಂದದ್ದು 1993ರಲ್ಲಿ.

ಜಿಪ್‌ನ ಮುಖ್ಯ ವಿಧಾನವಾದ ಡಿಫ್ಲೇಟ್, ಮರುಕಳಿಸುವ ಬೈಟ್ ಸಾಲುಗಳ ಬದಲು ಅವು ಹಿಂದೆ ಬಂದ ದೂರವನ್ನೂ ಉದ್ದವನ್ನೂ ಬರೆದು, ಹೆಚ್ಚು ಬಳಕೆಯ ಚಿಹ್ನೆಗಳಿಗೆ ಚಿಕ್ಕ ಸಂಕೇತ ಕೊಡುತ್ತದೆ. ಕನ್ನಡಕ್ಕೆ ಇದು ವಿಶೇಷವಾಗಿ ಒದಗುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ (ಅಕ್ಷರವೂ ಸ್ವರಚಿಹ್ನೆಯೂ ಬೇರೆ ಬೇರೆ ಸಂಕೇತ) ಮೂರು ಬೈಟ್ ಬೇಕು: ‘ಹಾಸನ’ಕ್ಕೆ 12, ‘ಅರಕಲಗೂಡು’ 24, ‘ಹೊಳೆನರಸೀಪುರ’ 33, ‘ಚನ್ನರಾಯಪಟ್ಟಣ’ 36. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲೊಂದು. ಆದ್ದರಿಂದ ಕನ್ನಡ ಪಠ್ಯ ಗಣನೀಯವಾಗಿ ಕುಗ್ಗುತ್ತದೆ. ಈಗಾಗಲೇ ಕುಗ್ಗಿಸಿದ ಜೆಪೆಗ್ ಚಿತ್ರಗಳಲ್ಲಿ ಉಳಿತಾಯ ಅತ್ಯಲ್ಪ.

ಡಾಕ್ಸ್ ದಾಖಲೆ, ಇಪಬ್ ಪುಸ್ತಕಗಳು ಒಳಗೆ ಜಿಪ್ ಕಟ್ಟುಗಳೇ. ಜಿಪ್‌ನ ಮೂಲ ನಿಯಮದಲ್ಲಿ ಕಡತದ ಹೆಸರಿಗೆ ಐಬಿಎಂನ 437ನೇ ಸಂಕೇತಪಟ್ಟಿ ಮಾತ್ರವಿದ್ದು, ಕನ್ನಡ ಹೆಸರುಗಳು ಬಿಚ್ಚಿದಾಗ ಕೆಡುತ್ತಿದ್ದವು. ಯುಟಿಎಫ್-8 ಹೆಸರುಗಳಿಗೆ ಅಧಿಕೃತ ಗುರುತು 2006ರ 6.3 ಆವೃತ್ತಿಯಲ್ಲಿ ಸೇರಿತು. ಕನ್ನಡದ ಮಟ್ಟಿಗೆ ಜಿಪ್‌ನ ಅತಿಮುಖ್ಯ ತಿದ್ದುಪಡಿ ಇದು.