ತಿಪಟೂರಿನ ದರ, ತೋಟದ ಬಾಗಿಲ ದರ

ಬೇಸಿಗೆ ರಜೆಯಲ್ಲಿ ದಂಡಿನಶಿವರದ ನಮ್ಮ ಮನೆಗೆ ಪೈಥಾನ್ ಕಲಿಯಲು ಬರುವವರೆಲ್ಲ ತೆಂಗಿನ ತೋಟದ ಮಕ್ಕಳು. ಮೊದಲ ಪಾಠದಲ್ಲೇ ಅವರಿಂದ ‘ದರ’ ಎಂಬ ವೇರಿಯಬಲ್ ಬರೆಸುತ್ತೇನೆ. ಪೈಥಾನ್ 3ರಲ್ಲಿ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ಫಂಕ್ಷನ್‌ನ ಹೊರಗಿನ ದರ ತಿಪಟೂರು ಎಪಿಎಂಸಿಯ ಕೊಬ್ಬರಿ ದರವಿದ್ದಂತೆ, ಎಲ್ಲರಿಗೂ ಗೊತ್ತು. ಒಳಗಿನದು ವ್ಯಾಪಾರಿ ತೋಟದ ಬಾಗಿಲಲ್ಲಿ ಹೇಳುವ ದರ. ಆ ವ್ಯಾಪಾರ ಮುಗಿದರೆ ಅದೂ ಮುಗಿಯಿತು. ತಿಪಟೂರಿನ ದರ ಅಲ್ಲಾಡುವುದಿಲ್ಲ.

ಈ ಕಟ್ಟುಪಾಡು ಪೈಥಾನ್‌ಗಿಂತ ಹಳೆಯದು. 1958ರ ಫೋರ್ಟ್ರಾನ್ 2ರಲ್ಲೇ ಪ್ರತಿ ಸಬ್‌ರೂಟೀನ್‌ಗೂ ಅದರದೇ ವೇರಿಯಬಲ್‌ಗಳಿದ್ದವು. ಹಂಚಿಕೊಳ್ಳಬೇಕಾದರೆ ‘ಕಾಮನ್’ ಎಂದು ಬರೆಯಬೇಕಿತ್ತು. ಆಲ್ಗಾಲ್ 60 ಬಂದಾಗ ಒಳಗಿನ ಬ್ಲಾಕ್‌ಗೆ ಹೊರಗಿನ ಹೆಸರುಗಳು ಕಾಣತೊಡಗಿದವು. 1973ರಲ್ಲಿ ವಿಲಿಯಂ ವುಲ್ಫ್ ಮತ್ತು ಮೇರಿ ಶಾ ಗ್ಲೋಬಲ್ ವೇರಿಯಬಲ್‌ಗಳಿಂದ ಹಾನಿಯೇ ಹೆಚ್ಚು ಎಂದು ಲೇಖನ ಬರೆದರು.

ಆಮ್‌ಸ್ಟರ್‌ಡ್ಯಾಂನಲ್ಲಿ ಗಿಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್‌ನಲ್ಲಿ ಇದ್ದದ್ದು ಮೂರೇ ನೆಲೆ: ಲೋಕಲ್, ಗ್ಲೋಬಲ್, ಬಿಲ್ಟ್‌ಇನ್. ಫಂಕ್ಷನ್‌ನೊಳಗೆ ಇನ್ನೊಂದು ಫಂಕ್ಷನ್ ಬರೆದರೆ, ಒಳಗಿನದಕ್ಕೆ ಹೊರಗಿನದರ ಹೆಸರುಗಳು ಕಾಣುತ್ತಿರಲಿಲ್ಲ. ಬೇಕಾದ ಬೆಲೆಯನ್ನು ಡೀಫಾಲ್ಟ್ ಆರ್ಗ್ಯುಮೆಂಟ್ ಮಾಡಿ ದಾಟಿಸುತ್ತಿದ್ದರು. 2001ರ ಪೈಥಾನ್ 2.1ರಲ್ಲಿ ಜೆರೆಮಿ ಹಿಲ್ಟನ್ ಅವರ ಪ್ರಸ್ತಾವದಂತೆ ಆ ಕೊರತೆ ನೀಗಿತು. ಆದರೂ ಓದಬಹುದಿತ್ತು, ಹೊಸ ಬೆಲೆ ಹಾಕುವಂತಿರಲಿಲ್ಲ. ಅದಕ್ಕೆ ‘ನಾನ್‌ಲೋಕಲ್’ ಬಂದದ್ದು 2008ರ ಪೈಥಾನ್ 3.0ರಲ್ಲಿ.

ಮಕ್ಕಳು ಎಡವುವುದು ಮಾತ್ರ ಯಾವಾಗಲೂ ಒಂದೇ ಕಡೆ. ಹೊರಗೆ ದರ = 150. ಫಂಕ್ಷನ್‌ನ ಮೊದಲ ಸಾಲು ದರವನ್ನು ಪ್ರಿಂಟ್ ಮಾಡುತ್ತದೆ, ಎರಡನೆಯದು ದರ = 160 ಎನ್ನುತ್ತದೆ. ಕರೆದ ಕೂಡಲೇ ಮೊದಲ ಸಾಲಿನಲ್ಲೇ ‘ಅನ್‌ಬೌಂಡ್‌ಲೋಕಲ್‌ಎರರ್’. “150 ಮೇಲೇ ಇದೆಯಲ್ಲ ಸಾರ್?” ಅಂತ ಕೇಳುತ್ತಾರೆ. ಇದೆ. ಆದರೆ ಫಂಕ್ಷನ್ ಓಡುವ ಮೊದಲೇ ಪೈಥಾನ್ ಅದನ್ನು ಪೂರ್ತಿ ನೋಡಿರುತ್ತದೆ. ಎಲ್ಲೋ ಒಂದು ಕಡೆ ಬೆಲೆ ಹಾಕಿದ್ದರೂ ಸಾಕು, ಆ ಹೆಸರು ಇಡೀ ಫಂಕ್ಷನ್‌ಗೆ ಲೋಕಲ್. ಮೊದಲ ಸಾಲಿಗೆ ಬಂದಾಗ ಆ ಲೋಕಲ್ ದರಕ್ಕೆ ಇನ್ನೂ ಬೆಲೆಯೇ ಇಲ್ಲ. ಇದು ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ: ಕೈತಪ್ಪಿ ಬರೆದ ಒಂದು ಸಾಲು ಎಲ್ಲರ ದರವನ್ನೂ ಕೆಡಿಸದಂತೆ ಇದು ಕಾಯುತ್ತದೆ.

ಇಂಥ ಎರರ್ ಬಂದಾಗ ಗಾಬರಿಯಿಂದ ‘ಗ್ಲೋಬಲ್ ದರ’ ಎಂದು ಸೇರಿಸಬೇಡಿ. ಕೆಳಗಿನ ಸಾಲುಗಳಲ್ಲಿ ಅದೇ ಹೆಸರಿಗೆ ಬೆಲೆ ಎಲ್ಲಿ ಹಾಕಿದ್ದೀರಿ ಎಂದು ಹುಡುಕಿ. ಹಳೆಯ ದರವನ್ನು ಆರ್ಗ್ಯುಮೆಂಟ್ ಆಗಿ ಕೊಡಿ, ಹೊಸದನ್ನು ರಿಟರ್ನ್ ಮಾಡಿಸಿಕೊಳ್ಳಿ.