ಎಣಿಕೆ ಮೇಜಿನ ಎದುರು ಸೋತವರ ಕುರ್ಚಿ

ಈ ಸಂಚಿಕೇನ ಒಂದು ಅಂಕಿಯಿಂದ ಶುರು ಮಾಡ್ತೀನಿ. 874.

2023ರ ಮೇ 13. ದಾವಣಗೆರೆ ಪಕ್ಕದ ತೋಳಹುಣಸೆಯ ಶಿವಗಂಗೋತ್ರಿ, ಅಂದ್ರೆ ದಾವಣಗೆರೆ ವಿಶ್ವವಿದ್ಯಾಲಯದ ಆವರಣ. ಜಿಲ್ಲೆಯ ಮತಯಂತ್ರಗಳೆಲ್ಲ ಅಲ್ಲಿಗೇ ಬಂದಿದ್ದವು. ಜಗಳೂರು ಕ್ಷೇತ್ರದಲ್ಲಿ ಕಾಂಗ್ರೆಸ್‌ನ ಬಿ. ದೇವೇಂದ್ರಪ್ಪ ಗೆದ್ದದ್ದು ಬರೀ 874 ಮತಗಳಿಂದ. ಎರಡನೆಯವರು ಬಿಜೆಪಿಯ ಎಸ್.ವಿ. ರಾಮಚಂದ್ರ, ಮೂರನೆಯವರು ಪಕ್ಷೇತರ ಎಚ್.ಪಿ. ರಾಜೇಶ್. ಮೊದಲನೆಯವರಿಗೂ ಮೂರನೆಯವರಿಗೂ ಒಂದೂವರೆ ಸಾವಿರದ ಅಂತರ ಕೂಡ ಇರಲಿಲ್ಲ. ಅದೇ ಆವರಣದಲ್ಲಿ ನಮ್ಮ ನ್ಯಾಮತಿಯ ಮತಗಳೂ ಎಣಿಕೆ ಆದವು. ನಮ್ಮದು ಬೇರೆ ತಾಲ್ಲೂಕು ಆಗಿದ್ರೂ ವಿಧಾನಸಭೆಗೆ ಇನ್ನೂ ಹೊನ್ನಾಳಿ ಕ್ಷೇತ್ರವೇ. ಅಲ್ಲಿ ಡಿ.ಜಿ. ಶಾಂತನಗೌಡರು ಎಂ.ಪಿ. ರೇಣುಕಾಚಾರ್ಯರನ್ನ 17 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ರು.

ಈಗ ಒಂದು ಪ್ರಶ್ನೆ. 17 ಸಾವಿರದಿಂದ ಸೋತವರು ಮನೆಗೆ ಹೋಗ್ತಾರೆ, ಸರಿ. 874ರಿಂದ ಸೋತವರ ಕಡೆಯ ಒಬ್ಬ ಹುಡುಗ ಆ ಫಲಿತಾಂಶವನ್ನ ಯಾಕೆ ಒಪ್ಕೋಬೇಕು? ಆಯೋಗದ ಮೇಲೆ ಭಕ್ತಿ ಅಂತಾನಾ? ಯಂತ್ರ ಸುಳ್ಳು ಹೇಳಲ್ಲ ಅಂತಾನಾ? ನನಗನ್ನಿಸೋದು ಬೇರೆ. ಎಣಿಕೆಯ ಪ್ರತಿ ಮೇಜಿನ ಎದುರು, ತಂತಿಜಾಲರಿಯ ಆಚೆ, ಅವನ ಪಕ್ಷದ ಏಜೆಂಟ್‌ಗೂ ಒಂದು ಕುರ್ಚಿ ಇರುತ್ತೆ. ನಮ್ಮ ಚುನಾವಣೆಯ ಮೇಲಿನ ನಂಬಿಕೆ ನಿಂತಿರೋದು ಆ ಕುರ್ಚಿಯ ಮೇಲೆ. ಅದರ ಕಥೇನೇ ಇವತ್ತು ಹೇಳ್ತೀನಿ.

ಮೊದಲ ಮಹಾಚುನಾವಣೆ, 1951–52. ಆಗ ಹೊನ್ನಾಳಿ ತಾಲ್ಲೂಕು ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ನಾವು ದಾವಣಗೆರೆಗೆ ಸೇರಿದ್ದು 1997ರಲ್ಲಿ. ದೇಶದಲ್ಲಿ ಸುಮಾರು 17 ಕೋಟಿ ಮತದಾರರು, ಹೆಚ್ಚಿನವರಿಗೆ ಓದೋಕೆ ಬರ್ತಿರಲಿಲ್ಲ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಕಂಡುಕೊಂಡ ದಾರಿ ಏನು ಗೊತ್ತಾ? ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆ ಮೇಲೆ ಚಿಹ್ನೆ. ನಿಮ್ಮ ಚೀಟೀನ ನಿಮಗೆ ಬೇಕಾದ ಪೆಟ್ಟಿಗೆಗೆ ಹಾಕೋದು, ಅಷ್ಟೇ.

ಸರಳ ಅನ್ನಿಸುತ್ತೆ ಅಲ್ವಾ? ಆದ್ರೆ ಚೀಟಿ ಮೇಲೆ ಯಾವ ಗುರುತೂ ಇಲ್ಲ. ಯಾವ ಪೆಟ್ಟಿಗೇಲಿ ಸಿಕ್ತೋ ಅವರದ್ದು. ಚೀಟಿ ಹಾಕದೆ ಹೊರಗೆ ತಂದು ಬೇರೆಯವರಿಗೆ ಮಾರಿಕೊಳ್ಳಬಹುದು ಅನ್ನೋ ಅನುಮಾನ ಬಂತು. ಅದಕ್ಕೇ ಒಂದೇ ಹಾಳೆಯಲ್ಲಿ ಎಲ್ಲರ ಹೆಸರು, ಎಲ್ಲರ ಚಿಹ್ನೆ ಹಾಕಿ, ಮುದ್ರೆ ಒತ್ತಿ ಒಂದೇ ಪೆಟ್ಟಿಗೆಗೆ ಹಾಕೋ ಪದ್ಧತಿ ಬಂತು. 1962ರ ಚುನಾವಣೆ ಹೊತ್ತಿಗೆ ಅದು ವ್ಯಾಪಕವಾಯ್ತು.

ಅದೇ ವರ್ಷ ಬೆರಳಿಗೆ ಮೈಸೂರಿನ ಅಳಿಸದ ಶಾಯಿ ಬಂತು. ಒಬ್ಬರೇ ಎರಡು ಸಲ ವೋಟು ಹಾಕ್ತಾರೆ ಅನ್ನೋ ದೂರಿಗೆ ಅದು ಉತ್ತರ. ತಯಾರಾಗೋದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆಯಲ್ಲಿ. ಈಗ ಅದರ ಹೆಸರು ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್. ಆ ಶಾಯಿಯ ಗುಣ ನೋಡಿ. ಯಾವ ಅಧಿಕಾರಿಯನ್ನೂ ನೀವು ನಂಬಬೇಕಾಗಿಲ್ಲ, ಪಕ್ಕದವನ ಬೆರಳು ನೋಡಿದ್ರೆ ಸಾಕು.

ಮುದ್ರೆಯ ಕಥೇನೂ ಹೀಗೇ. ಹಾಳೆ ಮಡಚಿದಾಗ ಶಾಯಿ ಇನ್ನೊಬ್ಬರ ಚಿಹ್ನೆಗೂ ಅಂಟಿಬಿಟ್ರೆ ಮತ ಯಾರಿಗೆ? ಆ ಜಗಳ ಬಗೆಹರಿಸೋಕೆ ಬಾಣಗಳು ಸುತ್ತಿದಂಥ ಗುರುತು ಮಾಡಿದ್ರು. ಅಂಟಿಕೊಂಡ ಗುರುತು ಉಲ್ಟಾ ಬರುತ್ತೆ, ಒತ್ತಿದ ಗುರುತು ಸರಿಯಾಗಿರುತ್ತೆ. ಎರಡೂ ಪಕ್ಷದ ಏಜೆಂಟರು ತಮ್ಮ ಕಣ್ಣಿಂದಲೇ ನೋಡಿ ತೀರ್ಮಾನಕ್ಕೆ ಬರಬಹುದು.

ಹಾಗಾದ್ರೆ ಕಾಗದದ ಕಾಲದಲ್ಲಿ ಎಲ್ಲರೂ ನೆಮ್ಮದಿಯಾಗಿದ್ರಾ? ಇಲ್ಲ. 1971ರಲ್ಲಿ ದಕ್ಷಿಣ ದೆಹಲಿಯಲ್ಲಿ ಜನಸಂಘದ ಬಲರಾಜ್ ಮಧೋಕ್ ಸೋತ್ರು. ಮತಪತ್ರಕ್ಕೆ ರಾಸಾಯನಿಕ ಹಚ್ಚಿದ್ದಾರೆ, ಒತ್ತಿದ ಗುರುತು ಮಾಯವಾಗಿ ಮೊದಲೇ ಹಾಕಿದ ಗುರುತು ಮೂಡುತ್ತೆ ಅಂತ ಕೋರ್ಟಿಗೆ ಹೋದ್ರು. ಇವತ್ತಿನ ವಾಟ್ಸ್‌ಆ್ಯಪ್ ಫಾರ್ವರ್ಡ್ ಥರ ಕೇಳಿಸುತ್ತೆ, ಹೌದು. ಆದ್ರೆ 1972ರಲ್ಲಿ ಸುಪ್ರೀಂ ಕೋರ್ಟ್ ನಕ್ಕು ಕಳಿಸಲಿಲ್ಲ. ತೀರ್ಪು ಕೊಟ್ಟವರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. ಒಂದಷ್ಟು ಮತಪತ್ರ ತೆಗೆದು ಪರೀಕ್ಷಿಸೋಕೆ ಅವಕಾಶ ಸಿಕ್ತು. ಆರೋಪ ಸಾಬೀತಾಗಲಿಲ್ಲ. ಅನುಮಾನ ತಣ್ಣಗಾಗಿದ್ದು ಬೈದು ಬಾಯಿ ಮುಚ್ಚಿಸಿದ್ದಕ್ಕಲ್ಲ, ತೆರೆದು ನೋಡಿದ್ದಕ್ಕೆ.

ಇನ್ನು ಯಂತ್ರದ ಕಾಲ. 1982ರ ಮೇ 19, ಕೇರಳದ ಪರವೂರು. 50 ಮತಗಟ್ಟೆಗಳಲ್ಲಿ ಮೊದಲ ಸಲ ಇವಿಎಂ. ಸಿಪಿಐನ ಶಿವನ್ ಪಿಳ್ಳೈ ಚುನಾವಣೆಗೆ ಮೊದಲೇ ಯಂತ್ರ ಬೇಡ ಅಂತ ಹೈಕೋರ್ಟಿಗೆ ಹೋಗಿದ್ರು, ಕೋರ್ಟ್ ಒಪ್ಪಲಿಲ್ಲ. ಆಮೇಲೆ ಅವರೇ 123 ಮತಗಳಿಂದ ಗೆದ್ರು! ಈಗ ಸೋತ ಎ.ಸಿ. ಜೋಸ್ ಕೋರ್ಟಿಗೆ ಹೋದ್ರು. 1984ರಲ್ಲಿ ಸುಪ್ರೀಂ ಕೋರ್ಟ್, ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವೇ ಇಲ್ಲ ಅಂತ ಹೇಳಿ ಆ 50 ಮತಗಟ್ಟೆಗಳಲ್ಲಿ ಮತಪತ್ರದಲ್ಲೇ ಮರುಮತದಾನ ಮಾಡಿಸ್ತು. ಜೋಸ್ ಗೆದ್ರು. ಆಮೇಲೆ ಸಂಸತ್ತು ಕಾನೂನು ತಿದ್ದಿತು. 2004ರ ಲೋಕಸಭಾ ಚುನಾವಣೆ ಹೊತ್ತಿಗೆ ದೇಶದ ಎಲ್ಲ 543 ಕ್ಷೇತ್ರಗಳಲ್ಲೂ ಯಂತ್ರ. ತಯಾರಿಸೋದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್.

ಯಂತ್ರದಿಂದ ಅನುಕೂಲ ಆಯ್ತು. ಕುಲಗೆಟ್ಟ ಮತದ ಜಗಳ ಹೋಯ್ತು. ಪೆಟ್ಟಿಗೆ ಕಿತ್ಕೊಂಡು ರಾಶಿ ರಾಶಿ ಮುದ್ರೆ ಒತ್ತೋದು ನಿಂತ್ಹೋಯ್ತು, ಯಾಕಂದ್ರೆ ಯಂತ್ರ ನಿಮಿಷಕ್ಕೆ ಇಷ್ಟೇ ಮತ ಅಂತ ಮಿತಿ ಹಾಕುತ್ತೆ. ಆದ್ರೆ ಒಂದು ನಷ್ಟವೂ ಆಯ್ತು. ಕಾಗದ ಎಣಿಸುವಾಗ ಏಜೆಂಟ್ ತನ್ನ ಕಣ್ಣಲ್ಲಿ ನೋಡ್ತಿದ್ದ. ಯಂತ್ರದ ಒಳಗೆ ಅವನು ಏನು ನೋಡ್ತಾನೆ? ಕುರ್ಚಿ ಇತ್ತು, ನೋಟ ಹೋಯ್ತು. ಆ ನೋಟ ವಾಪಸ್ ಕೊಡೋಕೆ 2013ರಲ್ಲಿ ಸುಪ್ರೀಂ ಕೋರ್ಟ್ ವಿವಿಪ್ಯಾಟ್ ಬೇಕು ಅಂತ ಹೇಳ್ತು. ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತಲ್ಲ, ಅದು. ನಮ್ಮ ರಾಜ್ಯದಲ್ಲಿ 2018ರ ವಿಧಾನಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗೂ ಬಂತು. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳನ್ನ ಚೀಟಿ ಎತ್ತಿ ಆರಿಸಿ, ಅಲ್ಲಿನ ವಿವಿಪ್ಯಾಟ್ ಚೀಟಿಗಳನ್ನ ಕೈಯಲ್ಲೇ ಎಣಿಸ್ತಾರೆ. ಪೂರ್ತಿ ಎಣಿಸಿ ಅನ್ನೋ ಬೇಡಿಕೆಯನ್ನ ಕೋರ್ಟ್ 2024ರ ಏಪ್ರಿಲ್ 26ರಂದು ತಳ್ಳಿಹಾಕ್ತು. ಆದ್ರೆ ಎರಡನೇ, ಮೂರನೇ ಸ್ಥಾನ ಬಂದವರು ಏಳು ದಿನದೊಳಗೆ ಕೇಳಿದ್ರೆ ಶೇ 5ರಷ್ಟು ಯಂತ್ರಗಳ ಮೆಮೊರಿ ಪರೀಕ್ಷೆ ಮಾಡಿಸಬಹುದು ಅಂತ ದಾರಿ ತೆರೀತು. ಗಮನಿಸಿ, ಈ ಹಕ್ಕು ಕೊಟ್ಟಿದ್ದು ಗೆದ್ದವರಿಗಲ್ಲ, ಸೋತವರಿಗೆ.

ಒಂದು ಮತಕ್ಕೂ ಬೆಲೆ ಇದೆ ಅನ್ನೋದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 2004ರಲ್ಲಿ ಚಾಮರಾಜನಗರದ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂಚೆ ಮತಗಳ ತಕರಾರು ಎದ್ದು, ಮತ್ತೆ ಮತ್ತೆ ಎಣಿಕೆ ನಡೆದು, ನಡುರಾತ್ರಿ ಹೊತ್ತಿಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ರು ಅಂತ ಘೋಷಣೆ ಆಯ್ತು. ಸೋತದ್ದು ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ. ಅದೇ ವರ್ಷ ಕೋಲಾರದ ಮಾಲೂರಿನಲ್ಲಿ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡ ಗೆದ್ದದ್ದು 248 ಮತಗಳಿಂದ. ಆ ಪ್ರಕರಣದಲ್ಲಿ ಎಣಿಕೆಯ ವಿಡಿಯೊ ಕೊಡಿ ಅಂದ್ರೆ ಅಧಿಕಾರಿಗಳು ಹಾಜರುಪಡಿಸಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿ ಮರುಎಣಿಕೆಗೆ ಆದೇಶಿಸ್ತು. ಸುಪ್ರೀಂ ಕೋರ್ಟ್ ರದ್ದತಿಗೆ ತಡೆ ಕೊಟ್ಟಿತು, ಮರುಎಣಿಕೆ ಮಾತ್ರ ನಡೆಯಲಿ ಅಂತು. ಅಲ್ಲಿ ಅನುಮಾನ ಬೆಳೆದದ್ದು ನೋಡೋಕೆ ಸಿಗಬೇಕಾದ್ದು ಸಿಗದೇ ಹೋದಾಗ.

ಎಣಿಕೆ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ. ಪಟ್ಟಿಯಲ್ಲೇ ಹೆಸರಿಲ್ಲ ಅಂದ್ರೆ ಎಣಿಕೆ ಎಷ್ಟು ಸರಿಯಿದ್ದು ಏನು ಬಂತು? ಇದೂ ಹಳೇ ಗಾಯ. ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯ್ತು. ಉತ್ತರದ ರಾಜ್ಯಗಳಲ್ಲೇ ಹೆಚ್ಚು. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ರೇ ಹೊರತು ಸ್ವಂತ ಹೆಸರು ಹೇಳಿರಲಿಲ್ಲ. ನಮ್ಮ ಕಾಲದ ಉದಾಹರಣೆ ಕಲಬುರಗಿಯ ಆಳಂದ. 2023ರ ಚುನಾವಣೆಗೆ ಮೊದಲು ಅಲ್ಲಿ 6,018 ಹೆಸರು ಅಳಿಸಿ ಅಂತ ಆನ್‌ಲೈನ್ ಅರ್ಜಿಗಳು ಬಂದವು. ಮನೆ ಮನೆಗೆ ಹೋಗಿ ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದವರ ಹೆಸರು ಉಳೀತು, ಪೊಲೀಸ್ ಕೇಸ್ ಆಯ್ತು, 2025ರಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ ಮಾಡ್ತು. ಯಾರು ಮಾಡಿಸಿದ್ರು ಅನ್ನೋದರ ಬಗ್ಗೆ ಪಕ್ಷಗಳು ಕಿತ್ತಾಡ್ತಾವೆ, ಆಡಲಿ. ನಾನು ಹಿಡ್ಕೊಳ್ಳೋ ಎಳೆ ಒಂದೇ. ಪೋರ್ಟಲ್‌ನಲ್ಲಿ ಬಂದ ಅರ್ಜಿಯ ಸುಳ್ಳು ಬಯಲಾಗಿದ್ದು ಯಾರೋ ಬಾಗಿಲು ತಟ್ಟಿ ಕೇಳಿದಾಗ.

ಹಾಗಂತ ಎಲ್ಲವನ್ನೂ ತೆರೆದಿಡೋದಕ್ಕೆ ಬೆಲೆ ಇಲ್ಲ ಅಂತ ತಿಳೀಬೇಡಿ. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಯ ಚೀಟಿಗಳನ್ನ ಬೆರೆಸಿ ಎಣಿಸೋ ನಿಯಮ ಇತ್ತು. ಈಗ ಯಂತ್ರ ಯಂತ್ರದ ಲೆಕ್ಕ ಫಾರ್ಮ್ 20ರಲ್ಲಿ ಸಿಗುತ್ತೆ. ಸವಳಂಗದಲ್ಲಿ ಎಷ್ಟು, ಬೆಳಗುತ್ತಿಯಲ್ಲಿ ಎಷ್ಟು ಅಂತ ಯಾರು ಬೇಕಾದ್ರೂ ನೋಡಬಹುದು. ಲೆಕ್ಕ ತಾಳೆ ಹಾಕೋಕೆ ಒಳ್ಳೇದು. ಆದ್ರೆ ‘ನಿಮ್ಮೂರಲ್ಲಿ ನಮಗೆ ಲೀಡ್ ಬಂದಿಲ್ಲ, ರಸ್ತೆ ಕೇಳೋಕೆ ಬಂದ್ರಾ’ ಅನ್ನೋ ಮಾತಿಗೂ ಅದೇ ಕಾಗದ ಆಧಾರ. ಮತಗಳನ್ನ ಬೆರೆಸಿ ಎಣಿಸೋ ಟೋಟಲೈಸರ್ ಅನ್ನೋ ಯಂತ್ರವನ್ನ ಆಯೋಗ 2008ರಲ್ಲೇ ಕೇಳಿತ್ತು, ಕೇಂದ್ರ ಸರ್ಕಾರ ಒಪ್ಪಲಿಲ್ಲ.

ನಮ್ಮ ಹಳ್ಳಿಗಳ ಹುಡುಗರಿಗೆ ಎರಡೂ ಪದ್ಧತಿ ಗೊತ್ತು. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆ ನಡೆದದ್ದು ಮತಪತ್ರದಲ್ಲೇ, ಬೀದರ್ ಜಿಲ್ಲೆ ಒಂದನ್ನ ಬಿಟ್ಟು. ಡಿಸೆಂಬರ್ 30ರಂದು ಶುರುವಾದ ಎಣಿಕೆ ಎಷ್ಟೋ ಕಡೆ ರಾತ್ರಿ ಇಡೀ ನಡೀತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಗೆಲ್ಲ ಮತಪತ್ರವೇ ಇರಲಿ ಅಂತ ಶಿಫಾರಸು ಮಾಡ್ತು. ಕಾಗದವೋ ಯಂತ್ರವೋ ಅನ್ನೋ ಚರ್ಚೆ ಇನ್ನೂ ನಡೆಯುತ್ತೆ. ಆದ್ರೆ ಪಂಚಾಯಿತಿಯಲ್ಲಿ ಎರಡು ಮತದಿಂದ ಸೋತವನೂ ಗೆದ್ದವನೂ ಮರುದಿನ ಗೊಬ್ಬರಕ್ಕೆ ಒಂದೇ ಸೊಸೈಟಿ ಮುಂದೆ ಸಾಲು ನಿಲ್ಲಬೇಕು. ಎಣಿಕೆ ಕಣ್ಣಾರೆ ಕಂಡಿದ್ರೆ ಮಾತ್ರ ಆ ಸಾಲು ಜಗಳ ಇಲ್ಲದೆ ಮುಂದೆ ಸಾಗುತ್ತೆ.

ಮತ್ತೆ ಆ ಕುರ್ಚಿಗೆ ಬರ್ತೀನಿ. ವಿಧಾನಸಭೆ, ಲೋಕಸಭೆ ಮತದಾನದ ದಿನ ಬೆಳಿಗ್ಗೆ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ, ತಾಳೆ ನೋಡಿ, ಅಳಿಸಬೇಕು. ಸಂಜೆ ಯಂತ್ರದಲ್ಲಿ ಒಟ್ಟು ಎಷ್ಟು ಮತ ಬಿದ್ದಿದೆ ಅಂತ ಬರೆದ ಫಾರ್ಮ್ 17ಸಿ ಪ್ರತಿಯನ್ನ ಏಜೆಂಟರಿಗೆ ಕೊಡಬೇಕು. ಎಣಿಕೆ ದಿನ ಯಂತ್ರದ ಸೀಲ್, ನಂಬರ್ ತೋರಿಸಿ, ಅದೇ 17ಸಿ ಲೆಕ್ಕಕ್ಕೆ ತಾಳೆ ಹಾಕಬೇಕು. ನಿಯಮ ಇಷ್ಟು ಚೆನ್ನಾಗಿದೆ. ಆದ್ರೆ ಬೆಳಿಗ್ಗೆ ಐದೂವರೆಗೆ ಬೂತಿಗೆ ಹೋಗಿ ಸಂಜೆವರೆಗೂ ಕೂರೋ ಕೆಲಸ ಇದೆಯಲ್ಲ, ಅದು ಬೋರ್. ರೀಲ್ಸ್ ಮಾಡೋಕೆ ಆಗಲ್ಲ, ಒಳಗೆ ಮೊಬೈಲ್ ಕೂಡ ಬಿಡಲ್ಲ. ಅದಕ್ಕೇ ಹುಡುಗರು ಮೆರವಣಿಗೆಗೆ ಬರ್ತಾರೆ, ಬೂತಿನ ಬೆಂಚಿಗೆ ಬರಲ್ಲ. ಕುರ್ಚಿ ಖಾಲಿ ಬಿಟ್ಟು ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಮೋಸ ಆಯ್ತು ಅಂದ್ರೆ ಸಾಬೀತು ಮಾಡೋಕೆ ಕೈಯಲ್ಲಿ ಏನಿರುತ್ತೆ?

ಮುಂದಿನ ಚುನಾವಣೆಗೆ ಮೊದಲು ಪಟ್ಟಿಯಲ್ಲಿ ನಿಮ್ಮ ಹೆಸರು, ಮನೆಯಲ್ಲಿರೋ ಅಜ್ಜಿಯ ಹೆಸರು ನೋಡ್ಕೊಳ್ಳಿ. ನೀವು ಯಾವ ಪಕ್ಷದವರಾದ್ರೂ ಸರಿ, ಏಜೆಂಟ್ ಆಗ್ತೀಯಾ ಅಂತ ಕೇಳಿದ್ರೆ ಹ್ಞೂಂ ಅನ್ನಿ. ಸಂಜೆ ಬೂತಿನಿಂದ ಹೊರಗೆ ಬರುವಾಗ ಕೈಯಲ್ಲಿ 17ಸಿ ಇರಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.