ಎಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ: ಶೋರೂಮಿಗೆ ಹೋಗುವ ಮೊದಲು ಮನೆ ಮೀಟರ್ ಬೋರ್ಡ್ ನೋಡಿ

ಹುಣಸೂರು: ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬಂದಾಗ ಮನೆಗೊಂದು ಕಾರು ತರೋದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಸದೇನಲ್ಲ. ಕೆ.ಆರ್. ನಗರದಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ ಇದೇ ಮಾತು. ಈಗ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಪೆಟ್ರೋಲ್ ಕಾರೋ, ಕರೆಂಟ್ ಕಾರೋ?

ಬೆಂಗಳೂರಿನವರಿಗೆ ಸರಿಹೋಗುವ ಉತ್ತರ ನಮ್ಮ ತಾಲ್ಲೂಕುಗಳಿಗೆ ಹಾಗೇ ಹೊಂದುವುದಿಲ್ಲ. ಇಲ್ಲಿ ಸ್ವಂತ ಮನೆ, ಕಾರು ನಿಲ್ಲಿಸಲು ಜಾಗ ಇರುವವರು ಹೆಚ್ಚು, ಅದು ಅನುಕೂಲ. ಆದರೆ ವೋಲ್ಟೇಜ್, ಪಂಪ್‌ಸೆಟ್ ಲೈನ್, ಗೃಹಜ್ಯೋತಿ, ಸರ್ವಿಸ್ ಸೆಂಟರ್‌ಗಿರುವ ದೂರ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಲಕ್ಷಗಟ್ಟಲೆ ಸಾಲ ಮಾಡುವ ಮುನ್ನ ನೋಡಲೇಬೇಕಾದ ಸಂಗತಿಗಳು ಇಲ್ಲಿವೆ.

1. ತಿಂಗಳಿಗೆ ಎಷ್ಟು ಕಿ.ಮೀ. ಓಡುತ್ತೆ?

ಎಲ್ಲಕ್ಕಿಂತ ಮೊದಲು ಇದು. ಒಂದೇ ಅಳತೆಯ ಕಾರಿನಲ್ಲಿ ಪೆಟ್ರೋಲ್‌ಗಿಂತ ಎಲೆಕ್ಟ್ರಿಕ್‌ಗೆ ಬೆಲೆ ಜಾಸ್ತಿ. ಆ ಹೆಚ್ಚುವರಿ ದುಡ್ಡು ಓಡಿಸಿದಷ್ಟೂ ವಾಪಸ್ ಬರುತ್ತೆ, ನಿಲ್ಲಿಸಿದರೆ ಬರಲ್ಲ.

ಉದಾಹರಣೆಗೆ ಪೆಟ್ರೋಲ್ ಲೀಟರ್‌ಗೆ 102 ರೂ., ಕಾರು ಕೊಡುವ ಮೈಲೇಜ್ 17 ಕಿ.ಮೀ. ಅಂತ ಇಟ್ಟುಕೊಂಡರೆ ಕಿ.ಮೀ.ಗೆ 6 ರೂ. ಖರ್ಚು. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಸುಮಾರು 7 ಕಿ.ಮೀ. ಓಡುತ್ತೆ. ಮನೆಯ ಕರೆಂಟ್ ಯೂನಿಟ್‌ಗೆ ಸರ್‌ಚಾರ್ಜ್, ತೆರಿಗೆ ಸೇರಿ 7 ರೂ. ಅಂದುಕೊಂಡರೆ ಕಿ.ಮೀ.ಗೆ 1 ರೂ. ಅಂದರೆ ಕಿ.ಮೀ.ಗೆ 5 ರೂ. ಉಳಿತಾಯ.

ಬೆಲೆಯಲ್ಲಿ ವ್ಯತ್ಯಾಸ 2.5 ಲಕ್ಷ ಇದ್ದರೆ ಅದು ಹುಟ್ಟಲು 50,000 ಕಿ.ಮೀ. ಓಡಬೇಕು. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ನಾಲ್ಕು ವರ್ಷ ಚಿಲ್ಲರೆ. ಸಂತೆ, ಮದುವೆ, ಆಸ್ಪತ್ರೆ ಅಂತ ತಿಂಗಳಿಗೆ 400 ಕಿ.ಮೀ. ಮಾತ್ರ ಓಡಿಸುವವರಿಗೆ ಹತ್ತು ವರ್ಷ ದಾಟುತ್ತೆ. ನಿಮ್ಮ ಈಗಿನ ಗಾಡಿಯ ಮೂರು ತಿಂಗಳ ಓಡೋಮೀಟರ್ ಲೆಕ್ಕ ಬರೆದಿಟ್ಟು ನೋಡಿ, ಊಹೆ ಬೇಡ.

2. ಗೃಹಜ್ಯೋತಿ ಕೈತಪ್ಪುತ್ತಾ?

ಶೋರೂಮಿನ ಲೆಕ್ಕದಲ್ಲಿ ಬರದ ಖರ್ಚು ಇದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಮನೆಗೆ ನಿಗದಿಯಾದ ಉಚಿತ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. ಬಳಕೆ 200 ಯೂನಿಟ್ ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಈಗ 90 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿರುವ ಮನೆ ಇದೆ ಅಂತಿಟ್ಟುಕೊಳ್ಳಿ. ಕಾರು 1,000 ಕಿ.ಮೀ. ಓಡಿದರೆ ಸುಮಾರು 143 ಯೂನಿಟ್ ಸೇರುತ್ತೆ. ಒಟ್ಟು 233. ಆಗ ಕಾರಿನ ಕರೆಂಟ್ ಜೊತೆ ಮನೆಯ ಲೈಟು, ಫ್ಯಾನು, ಮಿಕ್ಸಿ ಎಲ್ಲದಕ್ಕೂ ಬಿಲ್ ಬರುತ್ತೆ. ನಿಗದಿತ ಶುಲ್ಕವೂ ಸೇರಿ 2,000 ರೂ. ಆಸುಪಾಸು. ಅಷ್ಟೇ ದೂರಕ್ಕೆ ಪೆಟ್ರೋಲ್ ಖರ್ಚು 6,000 ರೂ. ಆಗುತ್ತಿತ್ತು. ಲಾಭ ಹೋಗಲಿಲ್ಲ, ಆದರೆ ತಿಂಗಳಿಗೆ 5,000 ಅಂದುಕೊಂಡಿದ್ದ ಉಳಿತಾಯ 4,000ಕ್ಕೆ ಇಳಿಯಿತು. ಹಾಗಾಗಿ 2.5 ಲಕ್ಷ ಹುಟ್ಟಲು ಇನ್ನೊಂದು ವರ್ಷ ಹೆಚ್ಚು ಬೇಕು.

ವಿದ್ಯುತ್ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ದರ ವರ್ಗ ಇದೆ. ಮನೆಗೆ ಅದಕ್ಕೇ ಬೇರೆ ಮೀಟರ್ ಸಿಗುತ್ತಾ, ಠೇವಣಿ ಎಷ್ಟು, ಯೂನಿಟ್ ದರ ಎಷ್ಟು ಅಂತ ನಿಮ್ಮ ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ಕೇಳಿ. ಕಾರು ಬುಕ್ ಮಾಡಿದ ಮೇಲಲ್ಲ, ಮೊದಲೇ.

3. ಲೋಡ್, ವೈರಿಂಗ್, ಅರ್ಥಿಂಗ್

ಕಾರಿನ ಜೊತೆ ಬರುವ ಸಾಮಾನ್ಯ ಚಾರ್ಜರ್ ಗೀಸರ್ ಪ್ಲಗ್‌ನಂಥ 15-16 ಆಂಪ್ಸ್ ಸಾಕೆಟ್‌ಗೆ ಹಾಕುವಂಥದ್ದು. ಎಳೆಯುವುದು ಸುಮಾರು 3 ಕಿಲೋವ್ಯಾಟ್. ಗೀಸರ್ ಅರ್ಧ ಗಂಟೆ ಓಡಿದರೆ ಇದು ರಾತ್ರಿಯಿಡೀ, ಎಂಟೊಂಬತ್ತು ಗಂಟೆ ಓಡುತ್ತೆ. ಹಳೇ ವೈರ್ ಬಿಸಿಯಾಗೋದು ಇಲ್ಲೇ.

ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ಅಂತ ನೋಡಿ. 1 ಅಥವಾ 2 ಕಿಲೋವ್ಯಾಟ್ ಇದ್ದರೆ ಹೆಚ್ಚಿಸಿಕೊಳ್ಳಬೇಕು. ಲೋಡ್ ಹೆಚ್ಚಿದರೆ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತೆ. 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಬೇಕೆಂದರೆ ಲೋಡ್ ಇನ್ನೂ ಜಾಸ್ತಿ ಬೇಕು. ದಿನಕ್ಕೆ 50-60 ಕಿ.ಮೀ. ಓಡಿಸುವವರಿಗೆ ಅದರ ಅಗತ್ಯವಿಲ್ಲ.

ಮೀಟರ್ ಬೋರ್ಡ್‌ನಿಂದ ಕಾರು ನಿಲ್ಲಿಸುವ ಜಾಗಕ್ಕೆ ಬೇರೆಯೇ ತಾಮ್ರದ ವೈರ್, ಅದಕ್ಕೊಂದು ಎಂಸಿಬಿ, ಶಾಕ್ ತಡೆಯುವ ಆರ್‌ಸಿಸಿಬಿ ಹಾಕಿಸಿ. ಲೈಸೆನ್ಸ್ ಇರುವ ವೈರ್‌ಮನ್ ಕೈಲೇ ಮಾಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಕಾರುಗಳು ಚಾರ್ಜ್ ಆಗುವುದೇ ಇಲ್ಲ, ಕೆಂಪು ದೀಪ ತೋರಿಸಿ ನಿಂತುಬಿಡುತ್ತವೆ. ಸಂಜೆ ವೋಲ್ಟೇಜ್ ಇಳಿಯುವ ಬೀದಿಯಾದರೆ ರಾತ್ರಿ 10ರ ನಂತರ ಚಾರ್ಜ್ ಆಗುವಂತೆ ಟೈಮ್ ಇಡುವ ಸೌಲಭ್ಯ ಕಾರಿನಲ್ಲಿದೆಯಾ ನೋಡಿ.

4. ತೋಟದ ಮನೆಯವರಿಗೆ, ಅಂಗಡಿಯವರಿಗೆ

ಊರೊಳಗಿನ ಮನೆಗೂ ತೋಟದ ಮನೆಗೂ ಕರೆಂಟ್ ಒಂದೇ ಥರ ಬರಲ್ಲ. ಪಂಪ್‌ಸೆಟ್ ಫೀಡರ್‌ನಲ್ಲಿರುವ ಮನೆಗೆ ತ್ರೀ ಫೇಸ್ ಕೆಲವೇ ಗಂಟೆ. ರಾತ್ರಿ ಸಿಂಗಲ್ ಫೇಸ್ ಬಂದರೂ ಅದರಲ್ಲಿ 3 ಕಿಲೋವ್ಯಾಟ್ ಎಂಟು ಗಂಟೆ ಎಳೆಯೋದು ಕಷ್ಟ. ಅಂಥವರು ಕಾರು ಕೊಳ್ಳುವ ಮುನ್ನ ಒಂದು ವಾರ ರಾತ್ರಿ ಹೊತ್ತು ಕರೆಂಟ್ ಎಷ್ಟು ಹೊತ್ತು ಇತ್ತು, ವೋಲ್ಟೇಜ್ ಎಷ್ಟಿತ್ತು ಅಂತ ಬರೆದಿಡುವುದು ಒಳ್ಳೇದು.

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಅದರಿಂದಲೇ ಚಾರ್ಜ್ ಮಾಡಿದರಾಯ್ತು ಅನ್ನೋ ಯೋಚನೆ ಬೇಡ. ಅದು ನೀರಾವರಿಗೆ ಮಾತ್ರ. ಮಂಜೂರಾದ ಉದ್ದೇಶ ಬಿಟ್ಟು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರದಲ್ಲಿ ವಸೂಲಿ ಮಾಡಲು ಅವಕಾಶವಿದೆ.

ಅಂಗಡಿ ಮೀಟರ್ ವಾಣಿಜ್ಯ ದರದ್ದು. ಅಲ್ಲಿ ಚಾರ್ಜ್ ಮಾಡಿದರೆ ಮನೆಗಿಂತ ಹೆಚ್ಚು ಬೀಳುತ್ತೆ. ಅಂಗಡಿ ಹೆಸರಲ್ಲಿ ಕಾರು ಕೊಂಡರೂ ಸಾಮಾನ್ಯ ವ್ಯಾಪಾರಿಗಳಿಗೆ ಅದರ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಆದಾಯ ತೆರಿಗೆಯ ಸವಕಳಿ ವಿಚಾರ ನಿಮ್ಮ ಆಡಿಟರ್ ಹತ್ತಿರ ಕೇಳಿ.

5. ಎಲ್ಲಿಂದ ಎಲ್ಲಿಗೆ?

ಕಂಪನಿ ಹೇಳುವ ರೇಂಜ್ ಪರೀಕ್ಷೆಯದು. ರಸ್ತೆಯಲ್ಲಿ ಅದರ ಮೂರನೇ ಎರಡು ಪಾಲು ಸಿಗುತ್ತೆ ಅಂತಿಟ್ಟುಕೊಂಡೇ ಲೆಕ್ಕ ಹಾಕಿ. 24 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸಣ್ಣ ಕಾರಾದರೆ ತುಂಬಿದ ಚಾರ್ಜ್‌ಗೆ 180-200 ಕಿ.ಮೀ.

ಮೈಸೂರಿಗೆ ಹೋಗಿಬರಲು ಕೆ.ಆರ್. ನಗರದಿಂದ ಸುಮಾರು 80, ಹುಣಸೂರಿನಿಂದ 90, ಎಚ್.ಡಿ. ಕೋಟೆಯಿಂದ 100, ಪಿರಿಯಾಪಟ್ಟಣದಿಂದ 140 ಕಿ.ಮೀ. ಮೊದಲ ಮೂರು ಊರಿನವರಿಗೆ ಸಣ್ಣ ಬ್ಯಾಟರಿ ಸಾಕು. ಪಿರಿಯಾಪಟ್ಟಣದವರು ಮೈಸೂರಿನೊಳಗೆ ಸುತ್ತಾಡಿ ಎಸಿ ಹಾಕಿಕೊಂಡು ಬಂದರೆ ಉಳಿಯೋದು ಕಡಿಮೆ. 30 ಕಿಲೋವ್ಯಾಟ್ ಅವರ್ ಮೇಲಿನದ್ದು ನೆಮ್ಮದಿ. ಕುಶಾಲನಗರ ದಾಟಿ ಮಡಿಕೇರಿ ಹತ್ತುವಾಗ ಚಾರ್ಜ್ ಬೇಗ ಇಳಿಯುತ್ತೆ, ಇಳಿಜಾರಿನಲ್ಲಿ ಸ್ವಲ್ಪ ವಾಪಸ್ ತುಂಬುತ್ತೆ. ಬೆಂಗಳೂರಿಗಾದರೆ ದಾರಿಯಲ್ಲಿ ಒಂದು ಕಡೆ ನಿಲ್ಲಲೇಬೇಕು, ಹೈವೇಯಲ್ಲಿ ವೇಗ ಹೆಚ್ಚಾದಷ್ಟೂ ರೇಂಜ್ ಕುಸಿಯುತ್ತೆ.

ಕೋಟೆ ಕಡೆಯಿಂದ ಬಾವಲಿ ಮೂಲಕ ಮಾನಂದವಾಡಿಗೆ ಹೋಗುವವರು ಗಮನಿಸಿ: ನಾಗರಹೊಳೆ ಕಾಡಿನ ಈ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಚಾರ್ಜಿಂಗ್‌ಗೆ ಒಂದು ಗಂಟೆ ತಡವಾದರೆ ಗೇಟ್ ಮುಚ್ಚಿರುತ್ತೆ.

ನೀವು ಹೆಚ್ಚಾಗಿ ಹೋಗುವ ದಾರಿಯ ಫಾಸ್ಟ್ ಚಾರ್ಜರ್‌ಗಳನ್ನು ಕೊಳ್ಳುವ ಮೊದಲೇ ಒಮ್ಮೆ ಹೋಗಿ ನೋಡಿ. ಆ್ಯಪ್‌ನಲ್ಲಿ ಹಸಿರು ತೋರಿಸಿದ್ದೆಲ್ಲ ಕೆಲಸ ಮಾಡುತ್ತೆ ಅಂತಿಲ್ಲ. ಸಿಸಿಎಸ್-2 ಪ್ಲಗ್ ಇದೆಯಾ, ರಾತ್ರಿ ತೆರೆದಿರುತ್ತಾ, ಕರೆಂಟ್ ಹೋದರೆ ಜನರೇಟರ್ ಇದೆಯಾ ಕೇಳಿ. ಅಲ್ಲಿನ ದರ ಸಾಮಾನ್ಯವಾಗಿ ಮನೆಯ ದರಕ್ಕಿಂತ ಎರಡು-ಮೂರು ಪಟ್ಟು. ಬರೀ ಹೊರಗಿನ ಚಾರ್ಜರ್ ನಂಬಿ ಕಾರು ಕೊಂಡರೆ ಉಳಿತಾಯದ ಮಾತು ಬಹುಪಾಲು ಹೋಯ್ತು.

6. ತೆರಿಗೆ, ಸಬ್ಸಿಡಿ, ಸಾಲ

ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ. 5. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಾಗಾಗಿ ಹಳೇ ಬೆಲೆಪಟ್ಟಿ ಹಿಡಿದು ಹೋಲಿಸಬೇಡಿ. ಕೇಂದ್ರದ ಪಿಎಂ ಇ-ಡ್ರೈವ್ ಸಬ್ಸಿಡಿ ಖಾಸಗಿ ಕಾರಿಗೆ ಇಲ್ಲ. ಸಾಲದ ಬಡ್ಡಿಗಿದ್ದ 80ಇಇಬಿ ತೆರಿಗೆ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಯಾರಾದರೂ ಈಗಲೂ ಸಿಗುತ್ತೆ ಅಂದರೆ ನಂಬಬೇಡಿ.

ರಾಜ್ಯದಲ್ಲಿ ವಿದ್ಯುತ್ ವಾಹನಕ್ಕಿದ್ದ ರಸ್ತೆ ತೆರಿಗೆ ವಿನಾಯಿತಿ 2024ರಲ್ಲಿ ಬದಲಾಗಿ 25 ಲಕ್ಷ ರೂ. ಮೀರಿದ ಕಾರಿಗೆ ಶೇ. 10 ತೆರಿಗೆ ಬಂತು. ಈ ನಿಯಮ ಬಜೆಟ್‌ಗೊಮ್ಮೆ ಬದಲಾಗಬಹುದು. ಬುಕ್ ಮಾಡುವ ದಿನ ಹುಣಸೂರಿನ ಕೆಎ-45 ಸಾರಿಗೆ ಕಚೇರಿಯಲ್ಲೇ ವಿಚಾರಿಸಿ.

ಬೇಸಾಯದವರು ಕಂತಿನ ಬಗ್ಗೆ ಬ್ಯಾಂಕ್ ಜೊತೆ ಬಿಚ್ಚಿ ಮಾತಾಡಬೇಕು. ಹೊಗೆಸೊಪ್ಪಿನ ದುಡ್ಡು ವರ್ಷಕ್ಕೊಮ್ಮೆ, ಕಂತು ಪ್ರತಿ ತಿಂಗಳು. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಗಳಲ್ಲಿ ಕಾರಿನ ಬೆಲೆ ಕಮ್ಮಿ ಕಾಣುತ್ತೆ. ಆದರೆ ಕಿ.ಮೀ.ಗೆ ಇಷ್ಟು ಅಂತ ಕಟ್ಟಬೇಕು, ಓಡಿಸದಿದ್ದರೂ ತಿಂಗಳಿಗೆ ಕನಿಷ್ಠ ಮೊತ್ತ ಇದೆಯಾ ಓದಿ ನೋಡಿ.

7. ಬ್ಯಾಟರಿ, ರಿಪೇರಿ, ಸೆಕೆಂಡ್ ಹ್ಯಾಂಡ್

"ಮೂರು ವರ್ಷಕ್ಕೆ ಬ್ಯಾಟರಿ ಹೋಗುತ್ತಂತೆ" ಅನ್ನೋ ಭಯ ಹಳೇದು. 2001ರಲ್ಲಿ ಬೆಂಗಳೂರಿನಿಂದಲೇ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಈಗಿನವು ಲಿಥಿಯಂ. ಬಹುತೇಕ ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಶೇಕಡಾ ಎಷ್ಟಕ್ಕಿಂತ ಕೆಳಗಿಳಿದರೆ ಬದಲಾಯಿಸಿಕೊಡ್ತಾರೆ, ಎರಡನೇ ಮಾಲೀಕನಿಗೂ ವಾರಂಟಿ ಇದೆಯಾ ಅನ್ನೋದನ್ನು ಬರಹದಲ್ಲೇ ಪಡೆಯಿರಿ.

ಬ್ಯಾಟರಿ ಇರೋದು ಕಾರಿನ ಹೊಟ್ಟೆಯಲ್ಲಿ. ಹಳ್ಳಿ ರಸ್ತೆಯ ಎತ್ತರದ ಹಂಪ್, ಹೊಲದ ಬದುವಿಗೆ ತಳ ತಾಗಿದರೆ ರಿಪೇರಿ ಬಲು ದುಬಾರಿ. ಮನೆಯವರೆಲ್ಲ ಕೂತು ನಿಮ್ಮ ಊರಿನ ರಸ್ತೆಯಲ್ಲೇ ಟೆಸ್ಟ್ ಡ್ರೈವ್ ಮಾಡಿ. ಇನ್ಶೂರೆನ್ಸ್‌ನಲ್ಲಿ ಬ್ಯಾಟರಿಗೆ ಪೂರ್ತಿ ರಕ್ಷಣೆ ಇದೆಯಾ ನೋಡಿ.

ಟಯರ್, ಬ್ರೇಕ್, ಸಸ್ಪೆನ್ಷನ್ ಕೆಲಸ ಸ್ಥಳೀಯ ಮೆಕ್ಯಾನಿಕ್ ಮಾಡಬಲ್ಲರು. ಕಿತ್ತಳೆ ಬಣ್ಣದ ವೈರ್ ಮಾತ್ರ ತರಬೇತಿ ಇಲ್ಲದವರು ಮುಟ್ಟುವಂತಿಲ್ಲ. ಕಾರು ನಿಂತರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಲಾರಿ ಮೇಲೆ ಹಾಕಿಕೊಂಡೇ ಹೋಗಬೇಕು. ನಿಮ್ಮ ಊರಿಗೆ ಆ ಸೇವೆ ಬರುತ್ತಾ, ಎಷ್ಟು ಕಿ.ಮೀ.ವರೆಗೆ ಉಚಿತ ಅಂತ ಕೇಳಿ.

ಸೆಕೆಂಡ್ ಹ್ಯಾಂಡ್ ಆದರೆ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿಯ ಆರೋಗ್ಯದ ವರದಿ ತೆಗೆಸದೆ ಅಡ್ವಾನ್ಸ್ ಕೊಡಬೇಡಿ.

ಕೊನೆಗೆ, ಯಾರಿಗೆ ಸರಿ?

ಊರೊಳಗೆ ಸ್ವಂತ ಮನೆ, ರಾತ್ರಿ ನಿಲ್ಲುವ ಕರೆಂಟ್, ತಿಂಗಳಿಗೆ ಸಾವಿರ ಕಿ.ಮೀ. ಆಸುಪಾಸು ಓಡಾಟ, ಅದೂ ಮೈಸೂರು ಸುತ್ತಮುತ್ತ: ಇಂಥವರಿಗೆ ಎಲೆಕ್ಟ್ರಿಕ್ ಕಾರು ಲಾಭವೇ. ಮಾಲು ತರಲು ವಾರಕ್ಕೆ ಮೂರ್ನಾಲ್ಕು ಸಲ ಮೈಸೂರಿಗೆ ಹೋಗುವ ಅಂಗಡಿಯವರು, ದಿನಾ ಓಡಾಡುವ ನೌಕರರು ಈ ಸಾಲಿಗೆ ಬರುತ್ತಾರೆ. ಬಾಡಿಗೆ ಮನೆ, ಪಂಪ್‌ಸೆಟ್ ಲೈನಿನ ತೋಟದ ಮನೆ, ಕಡಿಮೆ ಓಡಾಟ ಅಥವಾ ಮನೆಗೆ ಇರೋದೊಂದೇ ಕಾರು, ಅದರಲ್ಲೇ ದೂರದೂರಿಗೆ ಹೋಗಬೇಕು ಅನ್ನುವವರು ಸದ್ಯಕ್ಕೆ ಪೆಟ್ರೋಲ್‌ನಲ್ಲೇ ಇರುವುದು ಲೇಸು. ಶೋರೂಮಿಗೆ ಹೋಗುವಾಗ ಕಳೆದ ಮೂರು ತಿಂಗಳ ಕರೆಂಟ್ ಬಿಲ್ ಮತ್ತು ಓಡಾಟದ ಲೆಕ್ಕ ಜೇಬಲ್ಲಿರಲಿ.